ಹಳೆಯ ಮೌಂಟನ್ ಬೈಕಿನಲ್ಲಿ ಶಿವಮೊಗ್ಗದಿಂದ ಆಗುಂಬೆಗೆ: ಏನನ್ನು ಬದಲಿಸಬೇಕು, ಏನನ್ನು ಹಾಗೆಯೇ ಬಿಡಬೇಕು?

ಗಾಜನೂರು ರಸ್ತೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಸೋದರಮಾವ 1990ರ ದಶಕದ ಆರಂಭದಲ್ಲಿ, ಬೆಂಗಳೂರಿನ ಕೆಲಸ ಮುಗಿಸಿ ಸ್ವದೇಶಕ್ಕೆ ಮರಳುತ್ತಿದ್ದ ಜಪಾನಿನವರೊಬ್ಬರಿಂದ ಕೊಂಡಿದ್ದ ಮೌಂಟನ್ ಬೈಕು, ಸುಮಾರು ಇಪ್ಪತ್ತು ವರ್ಷಗಳಿಂದ ನಮ್ಮ ಊರಿನ ಮನೆಯ ಅಟ್ಟದಲ್ಲಿ ಅಡಿಕೆ ಗೋಣಿಗಳ ಹಿಂದೆ ಬಿದ್ದಿತ್ತು. ಕಳೆದ ಭೂಮಿ ಹುಣ್ಣಿಮೆಗೆ ಊರಿಗೆ ಹೋದಾಗ ಅದನ್ನು ಕೆಳಗಿಳಿಸಿ, ಧೂಳು ತೊಳೆದು, ಚೈನಿಗೆ ಎಣ್ಣೆ ಬಿಟ್ಟು ಶಿವಮೊಗ್ಗಕ್ಕೆ ತಂದೆ. ಉಕ್ಕಿನ ಫ್ರೇಮಿನ ಮೇಲೆ ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಉಕ್ಕು) ಎಂಬ ಚೀಟಿ ಇನ್ನೂ ಅರ್ಧ ಉಳಿದಿದೆ. ಮುಂದೆಯೂ ಹಿಂದೆಯೂ ಶಾಕ್ ಅಬ್ಸಾರ್ಬರ್ ಇಲ್ಲ. 26 ಇಂಚಿನ ಚಕ್ರ, ಎರಡು ತೋಳುಗಳಿಂದ ರಿಮ್ಮನ್ನು ಒತ್ತುವ ಹಳೆಯ ಕ್ಯಾಂಟಿಲಿವರ್ ಬ್ರೇಕು, ಮುಂದೆ 28, 38, 48 ಹಲ್ಲುಗಳ ಮೂರು ಚಕ್ರ, ಹಿಂದೆ 14ರಿಂದ 28 ಹಲ್ಲಿನವರೆಗೆ ಏಳು ಗೇರು, ಹ್ಯಾಂಡಲ್ ಮೇಲೆ ಹೆಬ್ಬೆರಳಿನಿಂದ ದೂಡುವ ಗೇರ್ ಕಡ್ಡಿಗಳು. ಅಡಿಕೆ ತೂಗುವ ಕಾಟಾಕ್ಕೆ ನೇತುಹಾಕಿ ನೋಡಿದಾಗ ಹದಿಮೂರೂವರೆ ಕಿಲೋ ಬಂತು.

ಆರು ತಿಂಗಳಿಂದ ಭಾನುವಾರಗಳಂದು ಸಕ್ರೆಬೈಲಿನ ಆನೆ ಬಿಡಾರದವರೆಗೆ ಹೋಗಿಬರುತ್ತಿದ್ದೇನೆ. ಈಗ ಒಂದು ದಿನ ತೀರ್ಥಹಳ್ಳಿಯ ಮೇಲೆ ಆಗುಂಬೆ ಮುಟ್ಟಿ, ರಾತ್ರಿ ಅಲ್ಲಿಯೇ ಉಳಿದು, ಮರುದಿನ ಘಾಟಿ ಇಳಿದು ಹತ್ತಿ ಹಿಂದಿರುಗಬೇಕೆಂಬ ಆಸೆ ಹುಟ್ಟಿದೆ. ಆದರೆ ನಮ್ಮ ಬಡಾವಣೆಯಲ್ಲಿ ಸೈಕಲ್ ತುಳಿಯುವ ಇಬ್ಬರು ಗೆಳೆಯರು, ಇದು ಕಾಡುದಾರಿಗೆಂದು ಮಾಡಿದ ಗಾಡಿ, ಡಾಂಬರು ರಸ್ತೆಯಲ್ಲಿ ನೂರು ಕಿಲೋಮೀಟರ್ ಎಳೆಯುವುದು ಎಮ್ಮೆಯನ್ನು ಓಟಕ್ಕೆ ನಿಲ್ಲಿಸಿದಂತೆ, ಇದನ್ನು ಮಾರಿ ರೋಡ್ ಬೈಕು ತೆಗೆದುಕೊಳ್ಳಿ ಎನ್ನುತ್ತಾರೆ. ನನ್ನ ಸರಾಸರಿ ವೇಗ ಗಂಟೆಗೆ 16 ಕಿಲೋಮೀಟರಿನ ಮೇಲೆ ಹೋಗುತ್ತಿಲ್ಲ ಎಂಬುದೂ, ಬಟನ್ ಟೈರುಗಳು ದಾರಿಯುದ್ದಕ್ಕೂ ಗುಂಯ್‌ಗುಡುತ್ತವೆ ಎಂಬುದೂ ನಿಜ. ಮಾವನ ನೆನಪಿನ ವಸ್ತುವಾದ್ದರಿಂದ ಮಾರುವ ಮನಸ್ಸಿಲ್ಲ. ಹಾಗೆಂದು ಬರಿಯ ಭಾವುಕತೆಯಿಂದ ಮೊಣಕಾಲು ಕೆಡಿಸಿಕೊಳ್ಳುವ ಮನಸ್ಸೂ ಇಲ್ಲ. ಈ ಸೈಕಲ್ಲು ದೂರದ ದಾರಿಗೆ ತಕ್ಕುದೇ, ತಕ್ಕುದಾದರೆ ಮೊದಲು ಯಾವುದಕ್ಕೆ ಹಣ ಹಾಕಬೇಕು ಎಂಬುದನ್ನು ಅನುಭವವುಳ್ಳವರು ತಿಳಿಸಬೇಕಾಗಿ ವಿನಂತಿ.

ಹಳೆ ಉಕ್ಕು ಬರೆದದ್ದು:

ಮಾರಬೇಡಿ. ನಿಮ್ಮ ಗೆಳೆಯರು ಇಂದಿನ ಮೌಂಟನ್ ಬೈಕನ್ನು ಕಣ್ಣ ಮುಂದಿಟ್ಟುಕೊಂಡು ಅಂದಿನದನ್ನು ಅಳೆಯುತ್ತಿದ್ದಾರೆ. ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಮೌಂಟನ್ ಬೈಕೆಂದು ಹೆಸರಾದ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಮಾರುಕಟ್ಟೆಗೆ ಬಂದದ್ದು 1981ರಲ್ಲಿ. ಅಲ್ಲಿಂದ ಮುಂದಿನ ಹತ್ತು ಹನ್ನೆರಡು ವರ್ಷಗಳ ಕಾಲ ಬಂದ ಈ ಜಾತಿಯ ಸೈಕಲ್ಲುಗಳಲ್ಲಿ ಹೆಚ್ಚಿನವು, ಸ್ಪ್ರಿಂಗು ಇಲ್ಲದ ಉಕ್ಕಿನ ಫೋರ್ಕು, ಎರಡು ಚಕ್ರಗಳ ನಡುವೆ ಉದ್ದನೆಯ ಅಂತರ, ಕ್ಯಾರಿಯರ್ ಮತ್ತು ಮಡ್‌ಗಾರ್ಡ್ ಕೂರಿಸಲು ಬೇಕಾದ ತೂತುಗಳು ಇವೆಲ್ಲ ಸೇರಿ, ದೂರಪ್ರಯಾಣದ ಟೂರಿಂಗ್ ಸೈಕಲ್ಲಿಗೆ ಅಣ್ಣತಮ್ಮಂದಿರಂತಿದ್ದವು. ಆದ್ದರಿಂದ ನಿಮ್ಮದನ್ನು ರಸ್ತೆಗೆ ಒಗ್ಗಿಸುವುದಕ್ಕೆ ಅದರ ಸ್ವಭಾವವನ್ನು ಬದಲಿಸಬೇಕಾಗಿಲ್ಲ, ಚಪ್ಪಲಿ ಬದಲಿಸಿದರೆ ಸಾಕು.

ಚಪ್ಪಲಿ ಎಂದರೆ ಟೈರು. ಮೊದಲ ಹಣವೂ ಎರಡನೆಯ ಹಣವೂ ಅದಕ್ಕೇ ಹೋಗಲಿ. ಬಟನ್ ಟೈರಿನ ಪ್ರತಿಯೊಂದು ಗುಬುಟೂ ಡಾಂಬರಿನ ಮೇಲೆ ಬಂದಾಗ ಬಾಗಿ, ಬಿಟ್ಟಾಗ ನೆಟ್ಟಗಾಗುತ್ತದೆ. ನಿಮ್ಮ ತೊಡೆಯ ಶಕ್ತಿಯಲ್ಲಿ ಒಂದು ಪಾಲು ಆ ರಬ್ಬರನ್ನು ಬಾಗಿಸುವುದರಲ್ಲಿಯೇ ಕರಗಿಹೋಗುತ್ತದೆ, ನಿಮಗೆ ಕೇಳುವ ಗುಂಯ್ ಎಂಬ ಸದ್ದು ಆ ನಷ್ಟದ ಸದ್ದೇ. ಅದರ ಬದಲು 26×1.50 ಅಥವಾ 26×1.75 ಅಳತೆಯ, ನುಣುಪು ಮೈಯ ರಸ್ತೆ ಟೈರನ್ನು ಹಾಕಿ. ಶ್ವಾಲ್ಬೆಯವರ ಮ್ಯಾರಥಾನ್ ಈ ಅಳತೆಯಲ್ಲಿ ಬರುತ್ತದೆ, ತುಸು ಭಾರವಾದರೂ ಮುಳ್ಳಿಗೆ ಬೇಗ ಬಗ್ಗುವುದಿಲ್ಲ. ಪ್ಯಾನರೇಸರ್‌ನವರ ಪಸೇಲಾ ಹಗುರ ಮತ್ತು ಮೃದು, ಆದರೆ ನಮ್ಮ ಊರಿನ ಅಂಗಡಿಗಳಲ್ಲಿ ಹುಡುಕಿ ಸುಸ್ತಾಗುವ ಬದಲು ಹೊರಗಿನಿಂದ ತರಿಸಬೇಕಾದೀತು. ನಿಮ್ಮ ತೂಕ ಎಪ್ಪತ್ತರ ಆಸುಪಾಸಿನಲ್ಲಿದ್ದರೆ ಹಿಂದೆ 55, ಮುಂದೆ 50 ಪಿಎಸ್‌ಐ ಗಾಳಿಯಿಂದ ಆರಂಭಿಸಿ, ಮೈಗೆ ಹೊಂದುವಂತೆ ಸ್ವಲ್ಪ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಕಲ್ಲಿನಂತೆ ಗಟ್ಟಿ ತುಂಬಿಸಿದರೆ ವೇಗ ಹೆಚ್ಚುತ್ತದೆ ಎಂಬುದು ಹಳೆಯ ನಂಬಿಕೆ. ಮಂಡಗದ್ದೆಯಿಂದ ಮುಂದೆ ತೇಪೆ ಹಾಕಿದ ರಸ್ತೆಯಲ್ಲಿ ಗಟ್ಟಿ ಟೈರು ನಿಮ್ಮನ್ನು ಎತ್ತಿ ಎತ್ತಿ ಹಾಕುತ್ತದೆಯೇ ಹೊರತು ಮುಂದಕ್ಕೆ ಒಯ್ಯುವುದಿಲ್ಲ.

ಇನ್ನು ಗೇರು. ರೋಡ್ ಬೈಕಿನವರಿಗೆ ಹೇಳಲು ನಿಮ್ಮಲ್ಲಿ ಒಳ್ಳೆಯ ಉತ್ತರವಿದೆ. 26×1.50 ಟೈರು ಒಂದು ಸುತ್ತು ಉರುಳಿದರೆ ಸುಮಾರು 2 ಮೀಟರ್ ಸಾಗುತ್ತದೆ. ಮುಂದೆ 28, ಹಿಂದೆ 28 ಹಲ್ಲಿನ ಅತ್ಯಂತ ಹಗುರ ಗೇರಿನಲ್ಲಿ, ನಿಮಿಷಕ್ಕೆ 60 ಸಲ ಪೆಡಲು ತಿರುಗಿಸಿದರೆ ಗಂಟೆಗೆ 7 ಕಿಲೋಮೀಟರಿಗೆ ಚೂರು ಹೆಚ್ಚು ವೇಗ. ಮುಂದೆ 34, ಹಿಂದೆ 28 ಇರುವ ಸಾಮಾನ್ಯ ರೋಡ್ ಬೈಕಿನಲ್ಲಿ ಇದೇ ಲಯಕ್ಕೆ 9 ಕಿಲೋಮೀಟರ್ ದಾಟುತ್ತದೆ. ಅಂದರೆ ಘಾಟಿಯ ತಿರುವಿನಲ್ಲಿ ಅವರು ಒಂದೋ ಅಷ್ಟು ಜೋರಾಗಿ ಹತ್ತಬೇಕು, ಇಲ್ಲವೇ ಪೆಡಲಿನ ಮೇಲೆ ಎದ್ದು ನಿಂತು ಒದ್ದಾಡಬೇಕು, ನೀವು ಕೂತಲ್ಲಿಯೇ ಹತ್ತಬಹುದು. ಮೇಲಿನ ತುದಿಯಲ್ಲಿ 48ಕ್ಕೆ 14 ಹಾಕಿ ನಿಮಿಷಕ್ಕೆ 80 ಸಲ ತುಳಿದರೆ 33 ಕಿಲೋಮೀಟರ್ ಬರುತ್ತದೆ. ಅದಕ್ಕಿಂತ ಹೆಚ್ಚಿನ ವೇಗ ನಮಗೆ ಇಳಿಜಾರಿನಲ್ಲಿ ಪುಕ್ಕಟೆಯಾಗಿ ಸಿಗುವುದರಿಂದ ತುಳಿಯುವ ಅಗತ್ಯವೇ ಇಲ್ಲ. ಮಲೆನಾಡಿನ ದಾರಿಗೆ ಇಂಥ ಮೂರು ಚಕ್ರದ ಗೇರು ವರವೇ ಸರಿ, ಅದನ್ನು ಮುಟ್ಟಬೇಡಿ.

ತೂಕದ ಲೆಕ್ಕವನ್ನೂ ಒಮ್ಮೆ ಮಾಡಿಬಿಡೋಣ. ನೀವು, ಸೈಕಲ್ಲು, ನೀರು, ಚೀಲ ಎಲ್ಲ ಸೇರಿ 90 ಕಿಲೋ ಎನ್ನಿ. ನಾಲ್ಕು ಕಿಲೋ ಹಗುರವಾದ ಸೈಕಲ್ಲು ತಂದರೆ 86. ಒಂದು ಗಂಟೆಯ ಏರಿನಲ್ಲಿ ಉಳಿಯುವುದು ಮೂರು ನಿಮಿಷಕ್ಕಿಂತಲೂ ಕಡಿಮೆ. ಆಗುಂಬೆಯ ಸೂರ್ಯಾಸ್ತದ ಕಟ್ಟೆಯ ಬಳಿ ಮಂಗಗಳಿಂದ ಬಾಳೆಹಣ್ಣು ಕಾಪಾಡಿಕೊಳ್ಳಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಮೇಗರವಳ್ಳಿ ಕಡೆಯವ ಬರೆದದ್ದು:

ಹಳೆ ಉಕ್ಕು ಅವರು ಹತ್ತುವುದರ ಬಗ್ಗೆ ಚೆನ್ನಾಗಿ ಹೇಳಿದ್ದಾರೆ. ನಾನು ಇಳಿಯುವುದರ ಬಗ್ಗೆ ಹೇಳುತ್ತೇನೆ, ಏಕೆಂದರೆ ನಮ್ಮ ಕಡೆ ಸೈಕಲ್ಲಿನವರು ಬಿದ್ದು ಗಾಯ ಮಾಡಿಕೊಳ್ಳುವುದನ್ನು ಕಂಡದ್ದು ಇಳಿಯುವಾಗಲೇ.

ಶಿವಮೊಗ್ಗಕ್ಕೂ ಆಗುಂಬೆಗೂ ಸಮುದ್ರಮಟ್ಟದಿಂದ ಎತ್ತರದಲ್ಲಿ ನೂರು ಮೀಟರಿನಷ್ಟೂ ವ್ಯತ್ಯಾಸವಿಲ್ಲ, ಆದರೆ ನಡುವಿನ ತೊಂಬತ್ತು ಚಿಲ್ಲರೆ ಕಿಲೋಮೀಟರು ಏರು, ತಗ್ಗು, ಮತ್ತೆ ಏರು ಎಂದು ಅಲೆಅಲೆಯಾಗಿ ಸಾಗುವುದರಿಂದ ಕಾಲು ನಕಾಶೆಯನ್ನು ನಂಬುವುದಿಲ್ಲ. ತೀರ್ಥಹಳ್ಳಿಯವರೆಗಿನ ಮೊದಲ ಅರವತ್ತು ಕಿಲೋಮೀಟರನ್ನು ಬೆಳಗಿನ ಒಂಬತ್ತೂವರೆಯೊಳಗೆ ಮುಗಿಸಿದರೆ ಮುಂದಿನದು ನಿರಾಳ. ನಿಜವಾದ ಪರೀಕ್ಷೆ ಮರುದಿನದ್ದು. ಆಗುಂಬೆಯಿಂದ ಸೋಮೇಶ್ವರಕ್ಕೆ 14 ಹಿಮ್ಮುರಿ ತಿರುವುಗಳಲ್ಲಿ ಐನೂರು ಮೀಟರಿಗೂ ಮಿಕ್ಕಿದ ಎತ್ತರವನ್ನು ಒಂದೇ ಉಸಿರಿಗೆ ಕಳೆದುಕೊಳ್ಳುತ್ತೀರಿ, ಕೆಳಗಿನಿಂದ ಮಿನಿ ಬಸ್ಸು ಬಂದರೆ ತಿರುವಿನ ಪೂರ್ತಿ ಅಗಲ ಅದಕ್ಕೇ ಬೇಕು.

ಕ್ಯಾಂಟಿಲಿವರ್ ಬ್ರೇಕು ಕೆಟ್ಟದ್ದಲ್ಲ, ಆದರೆ ಅದು ಹೊಂದಿಸಿದವರ ಕೈಗುಣದಂತೆ ಕೆಲಸ ಮಾಡುತ್ತದೆ. ಇಪ್ಪತ್ತು ವರ್ಷ ಅಟ್ಟದಲ್ಲಿದ್ದ ಬ್ರೇಕ್ ಶೂಗಳ ರಬ್ಬರು ನೋಡಲು ಹೊಸದಾಗಿ ಕಂಡರೂ ಮರದ ತುಂಡಿನಂತೆ ಗಟ್ಟಿಯಾಗಿರುತ್ತದೆ, ನಾಲ್ಕನ್ನೂ ಬದಲಿಸಿ. ಒಳಗಿನ ತಂತಿ, ಹೊರಗಿನ ಕವಚ ಎರಡನ್ನೂ ಹೊಸದು ಹಾಕಿಸಿ. ರಿಮ್ಮಿನ ಪಕ್ಕದ ಗೋಡೆಯ ಮೇಲೆ ಬೆರಳಾಡಿಸಿ ನೋಡಿ, ಹಳ್ಳವಾಗಿ ಸವೆದಿದ್ದರೆ ಆ ರಿಮ್ಮನ್ನು ಘಾಟಿಗೆ ಒಯ್ಯಬಾರದು. ಮಳೆಗಾಲದಲ್ಲಿ ರಸ್ತೆಯ ಕೆಸರು ಮರಳು ಶೂಗಳ ನಡುವೆ ಸಿಕ್ಕಿ ಉಪ್ಪುಕಾಗದದಂತೆ ಅಲ್ಯೂಮಿನಿಯಮ್ಮನ್ನು ಉಜ್ಜುತ್ತಲೇ ಇರುತ್ತದೆ, ಮಾವನವರು ಎಷ್ಟು ಮಳೆಗಾಲ ತುಳಿದಿದ್ದರೋ ನಮಗೆ ಗೊತ್ತಿಲ್ಲ.

ಇನ್ನೊಂದು ಅಪಾಯವನ್ನು ಬಹಳ ಮಂದಿ ಅರಿತಿರುವುದಿಲ್ಲ. ಕ್ಯಾಂಟಿಲಿವರಿನ ಎರಡು ತೋಳುಗಳನ್ನು ಸೇರಿಸುವ ಅಡ್ಡ ತಂತಿಯೊಂದು ಟೈರಿನ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ಕೈಯಿಂದ ಬರುವ ಮುಖ್ಯ ತಂತಿ ಕಡಿದರೆ ಅಥವಾ ಅದರ ಬೋಲ್ಟು ಸಡಿಲವಾಗಿ ಜಾರಿದರೆ, ಆ ಅಡ್ಡ ತಂತಿ ನೇರವಾಗಿ ಟೈರಿನ ಮೇಲೆ ಬೀಳುತ್ತದೆ. ಬಟನ್ ಟೈರಾಗಿದ್ದರೆ ಅದರ ಗುಬುಟುಗಳು ತಂತಿಯನ್ನು ಹಿಡಿದೆಳೆದು ಮುಂದಿನ ಚಕ್ರವನ್ನು ಗಕ್ಕನೆ ನಿಲ್ಲಿಸಿಬಿಡುತ್ತವೆ, ಸವಾರ ಹ್ಯಾಂಡಲಿನ ಮೇಲಿಂದ ಹಾರಿ ಬೀಳುತ್ತಾನೆ. ಆ ಕಾಲದ ಸೈಕಲ್ಲುಗಳ ಫೋರ್ಕಿನ ಮೇಲಿದ್ದ ರಿಫ್ಲೆಕ್ಟರಿನ ತಗಡಿನ ಹಿಡಿಕೆ, ಬೀಳುವ ತಂತಿಯನ್ನು ತಡೆಯುವ ಕೆಲಸವನ್ನೂ ಮಾಡುತ್ತಿತ್ತು. ಚೆಂದಕ್ಕೆಂದು ಅದನ್ನು ಕಿತ್ತುಹಾಕಿದ್ದರೆ ಮರಳಿ ಹಾಕಿ, ಅಥವಾ ಪೂರ್ತಿ ಉದ್ದದ ಮಡ್‌ಗಾರ್ಡ್ ಕೂರಿಸಿ. ನಮ್ಮ ಸೀಮೆಯಲ್ಲಿ ಮಡ್‌ಗಾರ್ಡ್ ಇಲ್ಲದೆ ಜೂನಿನಿಂದ ಅಕ್ಟೋಬರಿನವರೆಗೆ ಹೊರಡುವವನ ಬೆನ್ನಿನ ಮೇಲೆ ಕೆಂಪು ಗೆರೆ ಹೇಗೂ ಖಚಿತ.

ಇಳಿಯುವಾಗ ಬ್ರೇಕನ್ನು ಉದ್ದಕ್ಕೂ ಮೆಲ್ಲಗೆ ಹಿಡಿದುಕೊಂಡೇ ಇರಬೇಡಿ, ರಿಮ್ಮು ಬಿಸಿಯಾಗುತ್ತದೆ, ಕೈಯೂ ಸೋಲುತ್ತದೆ. ತಿರುವಿಗೆ ಮುಂಚೆಯೇ ಎರಡನ್ನೂ ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ, ತಿರುವಿನೊಳಗೆ ಬಿಟ್ಟುಬಿಡಿ. ಒದ್ದೆ ರಿಮ್ಮಿನಲ್ಲಿ ಮೊದಲ ಕೆಲವು ಸುತ್ತುಗಳು ನೀರನ್ನು ಒರೆಸುವುದಕ್ಕೇ ಹೋಗುತ್ತವೆ, ಆಮೇಲಷ್ಟೇ ಬ್ರೇಕು ಹಿಡಿಯುತ್ತದೆ ಎಂಬುದನ್ನು ಲೆಕ್ಕದಲ್ಲಿಟ್ಟುಕೊಳ್ಳಿ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ಆಗುಂಬೆ. ನನ್ನ ಮಾತು ಕೇಳುವುದಾದರೆ ನವೆಂಬರಿನಿಂದ ಫೆಬ್ರವರಿಯೊಳಗೆ ಬನ್ನಿ, ಆಗಲೂ ಬೆಳಗಿನ ಮಂಜು ಕರಗುವವರೆಗೆ ಘಾಟಿಗೆ ಇಳಿಯಬೇಡಿ.

ಸಾಗರ ಹೆದ್ದಾರಿ ಬರೆದದ್ದು:

ಎಲ್ಲರೂ ಒಂದೇ ರಾಗ ಹಾಡುತ್ತಿರುವುದರಿಂದ ನನ್ನ ಅಪಸ್ವರವೂ ಇರಲಿ. ಇಂಥದ್ದೇ ಒಂದು ಸೈಕಲ್ಲಿನಲ್ಲಿ ನಾನು ಎರಡು ವರ್ಷ ಶಿವಮೊಗ್ಗದಿಂದ ಕುಂಸಿ, ಆನಂದಪುರದ ಮೇಲೆ ಸಾಗರಕ್ಕೂ, ಕೆಲವೊಮ್ಮೆ ಜೋಗದವರೆಗೂ ಹೋಗಿಬಂದಿದ್ದೇನೆ, ಕೊನೆಗೆ ಅದನ್ನು ತಮ್ಮನ ಮಗನಿಗೆ ಕೊಟ್ಟು ರೋಡ್ ಬೈಕು ಕೊಂಡಿದ್ದೇನೆ. ಟೈರು ನುಣುಪಾಗಿತ್ತು, ಗೇರು ಚೆನ್ನಾಗಿತ್ತು, ತೂಕದ ಬಗ್ಗೆ ನನಗೆ ದೂರಿರಲಿಲ್ಲ. ನನ್ನನ್ನು ಸೋಲಿಸಿದ್ದು ನೇರ ಹ್ಯಾಂಡಲು. ನಾಲ್ಕು ಗಂಟೆ ಅಂಗೈಯನ್ನು ಒಂದೇ ಭಂಗಿಯಲ್ಲಿ ಊರಿ ಕುಳಿತರೆ ಅಂಗೈಯ ಹೊರಅಂಚಿನ ನರ ಒತ್ತಿಹೋಗಿ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ. ಒಮ್ಮೆ ಜೋಗದಿಂದ ಬಂದ ಮೇಲೆ ಮೂರು ದಿನ ಅಂಗಿಯ ಗುಂಡಿ ಹಾಕಲು ಹೆಂಡತಿಯನ್ನು ಕರೆಯಬೇಕಾಯಿತು. ಎದುರುಗಾಳಿಯಲ್ಲಿ ಎದೆ ನೆಟ್ಟಗೆ ಕೂತಿರುವುದೂ ದಂಡವೇ. ಅಲೆಅಲೆಯ ದಾರಿಯಲ್ಲಿ ಅದು ಅಷ್ಟು ತಿಳಿಯದು, ಶಿಕಾರಿಪುರದ ಕಡೆಯ ಬಯಲಿಗೆ ಹೊರಳಿದರೆ ತಿಳಿಯುತ್ತದೆ.

ಹಾಗಾಗಿ ಈ ಸೈಕಲ್ಲಿನಲ್ಲಿಯೇ ಹೋಗುವುದಾದರೆ, ಹ್ಯಾಂಡಲಿನ ಎರಡು ತುದಿಗಳಿಗೂ ಕೊಂಬಿನಂಥ ಬಾರ್ ಎಂಡುಗಳನ್ನು ಹಾಕಿಸಿ, ಹಿಡಿತವನ್ನು ಹತ್ತು ನಿಮಿಷಕ್ಕೊಮ್ಮೆ ಬದಲಿಸುತ್ತಿರಿ. ಬಾಗಿದ ರೋಡ್ ಹ್ಯಾಂಡಲು ಕೂರಿಸುವ ಆಲೋಚನೆ ಅನೇಕರಿಗೆ ಬರುತ್ತದೆ. ಕ್ಯಾಂಟಿಲಿವರಿಗೆ ರೋಡ್ ಬೈಕಿನ ಬ್ರೇಕ್ ಹಿಡಿಕೆಗಳು ಹೊಂದುತ್ತವೆ ಎಂಬುದು ನಿಜ, ಆಮೇಲೆ ಬಂದ ಉದ್ದ ತೋಳಿನ ವಿ-ಬ್ರೇಕ್ ಆಗಿದ್ದರೆ ಅದೂ ಹೊಂದುತ್ತಿರಲಿಲ್ಲ. ಆದರೆ ಆ ಫ್ರೇಮುಗಳ ಮೇಲಿನ ಕೊಳವೆ ನೇರ ಹ್ಯಾಂಡಲಿಗೆಂದೇ ಉದ್ದವಾಗಿ ಮಾಡಿದ್ದು. ಬಾಗಿದ ಹ್ಯಾಂಡಲು ಹಾಕಿದರೆ ಇನ್ನೂ ಒಂದು ಗೇಣು ಮುಂದಕ್ಕೆ ಚಾಚಬೇಕಾಗಿ ಬೆನ್ನು ಕೇಳುವುದಿಲ್ಲ. ನಾನು ಆ ಪ್ರಯೋಗಕ್ಕೆ ಸುರಿದ ಹಣದಲ್ಲಿ ಹೊಸ ಸೈಕಲ್ಲಿನ ಕಾಲುಭಾಗ ಬರುತ್ತಿತ್ತು.

ಗಾಜನೂರು ರಸ್ತೆ ಬರೆದದ್ದು:

ಮೂವರಿಗೂ ಧನ್ಯವಾದಗಳು. ಬ್ರೇಕಿನ ತಂತಿ, ಕವಚ, ಶೂಗಳನ್ನು ಬದಲಿಸಿದೆ. ರಿಫ್ಲೆಕ್ಟರಿನ ತಗಡು ಇದ್ದಲ್ಲಿಯೇ ಇದೆ, ಅದಕ್ಕೊಂದು ಕೆಲಸವಿದೆ ಎಂದು ಇಂದೇ ತಿಳಿದದ್ದು. ಆದರೆ ಟೈರಿನಲ್ಲಿ ಎಡವಿದೆ. ಅಂಗಡಿಯೊಂದರಲ್ಲಿ 26 ಇಂಚಿನ ಸಪೂರ ಟೈರು ಬೇಕೆಂದು ಕೇಳಿದಾಗ ಕೊಟ್ಟ ಜೋಡಿ, ಮನೆಗೆ ತಂದು ರಿಮ್ಮಿಗೆ ಹಾಕಿದರೆ ಬಳೆಯಂತೆ ಸಡಿಲವಾಗಿ ಕಳಚಿ ಬರುತ್ತಿದೆ. ಮೇಲೆ 26×1⅜ ಎಂದು ಬರೆದಿದೆ. ಇಂಚು 26 ಎಂದೇ ಇರುವಾಗ ಹೀಗೇಕೆ?

ಹಳೆ ಉಕ್ಕು ಬರೆದದ್ದು:

ತಪ್ಪು ನನ್ನದು, ಮೊದಲೇ ಎಚ್ಚರಿಸಬೇಕಿತ್ತು. ದಶಮಾಂಶದಲ್ಲಿ ಬರೆದ 26×1.50 ಬೇರೆ, ಭಿನ್ನರಾಶಿಯಲ್ಲಿ ಬರೆದ 26×1½ ಬೇರೆ. ಗಣಿತದ ಮೇಷ್ಟರಿಗೆ ಎರಡೂ ಒಂದೇ, ರಿಮ್ಮಿಗೆ ಅಲ್ಲ. 26 ಇಂಚು ಎಂಬುದು ಗಾಳಿ ತುಂಬಿದ ಟೈರಿನ ಹೊರಗಿನ ಅಂದಾಜು ಅಳತೆ ಮಾತ್ರ. ಟೈರು ಕಚ್ಚಿಕೊಂಡು ಕೂರುವ ವೃತ್ತದ ವ್ಯಾಸ ಮೌಂಟನ್ ಬೈಕಿನಲ್ಲಿ 559 ಮಿಲಿಮೀಟರ್, 26×1½ಕ್ಕೆ 584, ನಿಮಗೆ ಸಿಕ್ಕಿದ 26×1⅜ಕ್ಕೆ 590. ನಮ್ಮಲ್ಲಿ ಹೆಣ್ಣುಮಕ್ಕಳ ಸೈಕಲ್ಲುಗಳಿಗೆ ಹೆಚ್ಚಾಗಿ ಬರುವುದು ಈ ಕೊನೆಯದು, ಅಂಗಡಿಯವರು ಅದನ್ನೇ ಎತ್ತಿಕೊಟ್ಟಿದ್ದಾರೆ. ನಿಮ್ಮ ರಿಮ್ಮಿಗಿಂತ ಅದು 31 ಮಿಲಿಮೀಟರ್ ದೊಡ್ಡದು, ಕಳಚಿ ಬರದೆ ಇನ್ನೇನಾದೀತು! ಇನ್ನು ಮುಂದೆ ಇಂಚನ್ನು ಬಿಟ್ಟು, ಟೈರಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ 40-559 ಅಥವಾ 47-559 ಎಂಬ ಸಂಖ್ಯೆಯನ್ನು ತೋರಿಸಿ ಕೇಳಿ.

ಸೈಕಲ್ಲು ಬಿಚ್ಚಿದ್ದೀರಾದ್ದರಿಂದ ಇನ್ನೆರಡು ಮಾತು. ಹಿಂದಿನ ಗೇರುಗಳು ಹಬ್ಬಿಗೆ ತಿರುಪಿನಂತೆ ತಿರುಗಿಸಿ ಕೂರಿಸಿದ ಹಳೆಯ ಫ್ರೀವೀಲ್ ಆಗಿದ್ದರೆ, ಬಲಗಡೆಯ ಬೇರಿಂಗು ತೀರ ಒಳಗಿರುವುದರಿಂದ ಅಚ್ಚು ಬೆಂಬಲವಿಲ್ಲದೆ ಹೊರಚಾಚಿರುತ್ತದೆ, ಭಾರ ಹೇರಿದರೆ ಬಾಗುತ್ತದೆ ಇಲ್ಲವೇ ತುಂಡಾಗುತ್ತದೆ. ಚಕ್ರ ಬಿಚ್ಚಿ ಅಚ್ಚನ್ನು ಬೆರಳಿನಿಂದ ತಿರುಗಿಸಿ ನೋಡಿ, ತುದಿ ಓಲಾಡಿದರೆ ಬದಲಿಸಿ. ಎರಡನೆಯದು ಸೀಟಿನ ಕಂಬ. ಉಕ್ಕಿನ ಕೊಳವೆಯಲ್ಲಿ ಅಲ್ಯೂಮಿನಿಯಂ ಕಂಬ ಇಪ್ಪತ್ತು ವರ್ಷ ತೇವದಲ್ಲಿ ಕೂತರೆ ಎರಡೂ ಬೆಸೆದುಕೊಂಡಂತಾಗುತ್ತದೆ. ಈಗಲೇ ಅಲುಗಾಡಿಸಿ ನೋಡಿ. ಹೊರಗೆ ಬಂದರೆ ಗ್ರೀಸ್ ಸವರಿ ಮರಳಿ ಕೂರಿಸಿ, ಮಳೆಯಲ್ಲಿ ನೆನೆದು ಬಂದ ದಿನವೆಲ್ಲ ಅದನ್ನು ಕಿತ್ತು ಫ್ರೇಮನ್ನು ತಲೆಕೆಳಗೆ ಮಾಡಿ ನೀರು ಬಸಿಯಿರಿ.

ಗಾಜನೂರು ರಸ್ತೆ ಬರೆದದ್ದು:

ವರದಿ ಒಪ್ಪಿಸುತ್ತಿದ್ದೇನೆ. 40-559 ಟೈರುಗಳು ಹನ್ನೆರಡು ದಿನಕ್ಕೆ ಬಂದವು. ಅಚ್ಚು ನೇರವಾಗಿಯೇ ಇದೆ. ಬಾರ್ ಎಂಡುಗಳನ್ನೂ ಹಾಕಿಸಿ ಕಳೆದ ಭಾನುವಾರ ಬೆಳಗಿನ ಐದೂವರೆಗೆ ಹೊರಟು ತೀರ್ಥಹಳ್ಳಿಗೆ ಹೋಗಿ ಬಂದೆ. ಗಾಜನೂರು ದಾಟುವ ಹೊತ್ತಿಗೇ ವ್ಯತ್ಯಾಸ ತಿಳಿಯಿತು: ಗುಂಯ್ ಎಂಬ ಸದ್ದಿನ ಜಾಗದಲ್ಲಿ ಚೈನಿನ ಸದ್ದು, ಆಮೇಲೆ ಹಕ್ಕಿಗಳ ಸದ್ದು. ಬೆಜ್ಜವಳ್ಳಿಯ ಹೋಟೆಲಿನಲ್ಲಿ ಕಡುಬು ತಿಂದು ಕಷಾಯ ಕುಡಿದು, ತೀರ್ಥಹಳ್ಳಿಯ ತುಂಗಾ ಸೇತುವೆಯ ಮೇಲೆ ನಿಂತು ಗಡಿಯಾರ ನೋಡಿದರೆ ಒಂಬತ್ತೂಕಾಲು. ಮರಳುವಾಗ ಬಿಸಿಲು ಕಾಡಿತಾದರೂ, ನಿಂತ ಹೊತ್ತನ್ನು ಬಿಟ್ಟು ಇಡೀ ದಿನದ ಸರಾಸರಿ 19 ಬಂದಿದೆ. ಹೆಚ್ಚು ಹೊತ್ತು ಮುಂದೆ 38, ಹಿಂದೆ 18 ಹಲ್ಲಿನಲ್ಲಿಯೇ ಇದ್ದೆ. ಕೊನೆಯ ಇಪ್ಪತ್ತು ಕಿಲೋಮೀಟರಿನಲ್ಲಿ ಎಡಗೈಯ ಕಿರುಬೆರಳು ಸ್ವಲ್ಪ ಜೋಮು ಹಿಡಿಯಿತು, ಸಾಗರ ಹೆದ್ದಾರಿಯವರು ಹೇಳಿದ್ದು ಸುಳ್ಳಲ್ಲ.

200 ಕಿಲೋಮೀಟರಿನ ಬ್ರೆವೆ ಎಂಬ, ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗೆ ಹದಿಮೂರೂವರೆ ಗಂಟೆಯ ಗಡುವು ಇದೆಯೆಂದೂ, ಮನುಷ್ಯನ ಶಕ್ತಿಯಿಂದಲೇ ಓಡುವುದಾದರೆ ಯಾವ ಬಗೆಯ ಸೈಕಲ್ಲಿಗೂ ಅಲ್ಲಿ ತಡೆಯಿಲ್ಲವೆಂದೂ ಓದಿದ ಮೇಲೆ ಗೆಳೆಯರ ಮುಂದೆ ಆ ಮಾತು ಎತ್ತಿದ್ದೇನೆ. ಎಮ್ಮೆಯ ಮಾತು ಈ ವಾರ ಯಾರೂ ಆಡಲಿಲ್ಲ. ಆಗುಂಬೆಗೆ ಡಿಸೆಂಬರಿನ ಎರಡನೆಯ ವಾರ ಎಂದು ಗೊತ್ತುಮಾಡಿದ್ದೇನೆ.

ಸೀಟಿನ ಕಂಬ ಮಾತ್ರ ಅಲುಗಿಲ್ಲ. ಮೂರು ದಿನದಿಂದ ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ಬಿಡುತ್ತಿದ್ದೇನೆ, ನಿನ್ನೆ ಸಂಜೆ ತಿರುಚಿದಾಗ ಒಮ್ಮೆ ಕಿರ್ ಎಂದಿತು. ಸೀಟು ನನ್ನ ಎತ್ತರಕ್ಕೆ ಎರಡು ಬೆರಳಿನಷ್ಟು ತಗ್ಗಾಗಿದೆ.

ಮೇಗರವಳ್ಳಿ ಕಡೆಯವ ಬರೆದದ್ದು:

ಕಿರ್ ಎಂದಿದ್ದರೆ ಬಿಡುತ್ತದೆ. ಸೀಟನ್ನೇ ಹಿಡಿದು ತಿರುಚಬೇಡಿ, ಅದರ ಕ್ಲಿಪ್ಪು ಮುರಿಯುತ್ತದೆ. ಹಳೆಯ ಸೀಟಿನ ಕಂಬ ಹೋದರೂ ಚಿಂತೆಯಿಲ್ಲ ಎನ್ನುವುದಾದರೆ ಅದರ ತಲೆಯನ್ನು ಬೆಂಚಿನ ವೈಸಿಗೆ ಕಚ್ಚಿಸಿ, ಫ್ರೇಮನ್ನೇ ಎರಡೂ ಕಡೆ ಮೆಲ್ಲಗೆ ತಿರುಗಿಸಿ. ತೀರ್ಥಹಳ್ಳಿಯಲ್ಲಿ ವೆಲ್ಡಿಂಗ್ ಅಂಗಡಿಯಿಟ್ಟ ಪರಿಚಯದವರಿದ್ದಾರೆ, ಡಿಸೆಂಬರಿನೊಳಗೆ ಬಿಡದಿದ್ದರೆ ಅಲ್ಲಿಗೆ ತನ್ನಿ.